ಡ್ರಿಲ್ ಅಕ್ಕೋರ ಹೆಬ್ಬೆರಳು

ಡ್ರಿಲ್ ಅಕ್ಕೋರು ಯಾರ ಮನೆಗೆ ಹೋದರೂ ಅವರಿಗಿಂತ ಮೊದಲು ಒಳಗೆ ಹೋಗುತ್ತಿದ್ದುದು ಅವರ ಬಲಗಾಲಿನ ಹೆಬ್ಬೆರಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಹೊಸ್ತಿಲು ದಾಟಿ, ಮನೆಯವರು "ಬರ್ರಿ, ಕುಂದರ್ರಿ" ಅನ್ನುವಷ್ಟರೊಳಗೆ ಆ ಬೆರಳು ನೆಲವನ್ನು ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ತೀಡಿ ನೋಡಿರುತ್ತಿತ್ತು. ರೊಟ್ಟಿಯ ಹಿಟ್ಟು ಹದಕ್ಕೆ ಬಂತೋ ಇಲ್ಲವೋ ಎಂದು ನಾವು ಒತ್ತಿ ನೋಡುತ್ತೇವಲ್ಲ, ಹಾಗೆ. ಆಮೇಲೆ ಮುಖ ಎತ್ತಿ, ಮನೆಯೊಡತಿಯನ್ನು ಕೇಳುವ ಮೊದಲ ಪ್ರಶ್ನೆ: "ಫರಸಿ ಭಾಳ ನುಣ್ಣಗಾಗೇತ್ರಿ. ಅತ್ತೀನ ಎಲ್ಲೆ ಮಲಗಸ್ತೀರಿ? ಅಲ್ಲಿಂದ ಬಚ್ಚಲ ಎಷ್ಟು ದೂರ?" ಮಕ್ಕಳು ಹೇಗಿದ್ದಾರೆ, ಚಹಾ ಕುಡಿಯುತ್ತೀರಾ ಎಂಬ ಮಾತೆಲ್ಲ ಅದಾದ ಮೇಲೆ.

ನಮ್ಮ ಧಾರವಾಡದ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುವುದು ರೂಢಿ. ಶಕುಂತಲಾ ಎಂಬ ಅವರ ಹೆಸರು ಶಾಲೆಯ ಕಾಗದಪತ್ರಗಳಲ್ಲೇ ಉಳಿದುಹೋಗಿ, ಓಣಿಗೆಲ್ಲ ಅವರು ಡ್ರಿಲ್ ಅಕ್ಕೋರು ಆಗಿದ್ದರು. ಹೆಣ್ಣುಮಕ್ಕಳ ಶಾಲೆಯ ಬಯಲಿನಲ್ಲಿ ಬಿಳಿ ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು, ಕೊರಳಲ್ಲಿ ಸೀಟಿ, ಕೈ ಹಿಂದಕ್ಕೆ. ನಾನು ಅವರ ಸಾಲಿನ ಕೊನೆಯ ಹುಡುಗಿ. ಎಲ್ಲರದೂ ಎಡಗಾಲು ಎದ್ದಾಗ ನನ್ನದು ಬಲಗಾಲು ಏಳುತ್ತಿತ್ತು. "ಏ ಸುಮಾ, ನಿನ್ನ ಕಾಲಿಗೆ ನಿನ್ನ ಪರಿಚಯ ಮಾಡಿಕೊಡಬೇಕಾತು ನೋಡ" ಎಂದು ಬಯಲಿಗೆಲ್ಲ ಕೇಳುವಂತೆ ಹೇಳಿ ನಗಿಸುತ್ತಿದ್ದರು. ಸಿಟ್ಟು ಬರುತ್ತಿತ್ತು, ಆದರೆ ಅವರ ಮೇಲೆ ಸಿಟ್ಟು ಬಹಳ ಹೊತ್ತು ನಿಲ್ಲುತ್ತಿರಲಿಲ್ಲ. ನಿವೃತ್ತಿಯಾದ ಮೇಲೂ ಆ ಸೀಟಿ ಅವರ ಕೊರಳಲ್ಲೇ ಇತ್ತು. ಹಿತ್ತಲಲ್ಲಿ ಬಟ್ಟೆ ಒಗೆಯುವಾಗ ಚಹಾ ಬೇಕೆನ್ನಿಸಿದರೆ ಕೂಗುತ್ತಿರಲಿಲ್ಲ, ಸೀಟಿ ಊದುತ್ತಿದ್ದರು. ಒಳಗಿನಿಂದ ಅಂಬಕ್ಕ, "ಬಂತವ್ವಾ ರೈಲು, ನೀರಿಟ್ಟೆ" ಎಂದು ಉತ್ತರ ಕೊಡುತ್ತಿದ್ದರು.

ಅಂಬಕ್ಕ ಅವರ ಅಕ್ಕ. ಚಿಕ್ಕ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಬಂದ ವರ್ಷವೇ ತಾಯಿ ತೀರಿಕೊಂಡಳಂತೆ. ಆಗ ಶಕ್ಕೂ, ಅಂದರೆ ನಮ್ಮ ಅಕ್ಕೋರು, ಇನ್ನೂ ಲಂಗದ ಹುಡುಗಿ. ಅಂಬಕ್ಕ ಮನೆಮನೆಗೆ ರೊಟ್ಟಿ ತಟ್ಟಿಕೊಟ್ಟು ತಂಗಿಯನ್ನು ಓದಿಸಿದರು, ಡ್ರಿಲ್ ಟ್ರೇನಿಂಗಿಗೆ ಕಳಿಸಿದರು. ಹೆಣ್ಣು ಹುಡುಗಿ ಬೂಟು ಹಾಕಿಕೊಂಡು ಕುಣಿಯುವ ನೌಕರಿ ಎಂಥದ್ದು ಎಂದವರಿಗೆ, "ನಿಮ್ಮನಿ ಅಂಗಳದಾಗ ಕುಣಿಯೂದಿಲ್ಲ, ಸುಮ್ನ ಇರ್ರಿ" ಎಂದು ಬಾಯಿ ಮುಚ್ಚಿಸಿದ್ದರು. ತಂಗಿ ಮದುವೆಯಾಗಲಿಲ್ಲ. ಕೆಲಗೇರಿ ಕೆರೆಯ ಹತ್ತಿರದ ಪುಟ್ಟ ಮನೆಯಲ್ಲಿ ಇಬ್ಬರೂ ಮುದುಕಿಯರಾದರು. ನನ್ನ ಮನೆ ಅವರ ಹಿಂದಿನ ಓಣಿಯಲ್ಲಿ.

ಯುಗಾದಿಯ ಎಣ್ಣೆ ಸ್ನಾನದ ದಿನ ಅಂಬಕ್ಕ ಬಚ್ಚಲಲ್ಲಿ ಬಿದ್ದರು. ಸೊಂಟದ ಕೆಳಗಿನ ಎಲುಬು ಮುರಿಯಿತು. ಹುಬ್ಬಳ್ಳಿಯ ಎಲುಬಿನ ಡಾಕ್ಟರು ರಾಡು ಹಾಕಿ, ಮನೆಗೆ ಕಳಿಸುವ ದಿನ ಅಕ್ಕೋರನ್ನು ಬದಿಗೆ ಕರೆದು ಹೇಳಿದರು. "ಎಲುಬು ಟೊಳ್ಳಾಗ್ಯಾವರಿ. ಈ ಸಲ ಎದ್ದು ಕುಂತಾರ. ಇನ್ನೊಮ್ಮಿ ಬಿದ್ದರ ಏಳೂದು ಕಷ್ಟ. ಬೀಳದಂಗ ನೋಡ್ಕೋರಿ." ಅಕ್ಕೋರು, "ಬೀಳದಂಗ ಹೆಂಗ ನೋಡ್ಕೋಬೇಕರಿ?" ಎಂದು ಕೇಳುವ ಹೊತ್ತಿಗೆ ಡಾಕ್ಟರು ಮುಂದಿನ ಹಾಸಿಗೆಯ ಹತ್ತಿರ ಹೋಗಿಯಾಗಿತ್ತು. ಪಾಪ, ಅವರಿಗೂ ಪುರಸೊತ್ತಿಲ್ಲ. ಆದರೆ ಆ "ಹೆಂಗ" ಎಂಬ ಮಾತು ಅಕ್ಕೋರ ಎದೆಯಲ್ಲಿ ಮುಳ್ಳಿನಂತೆ ಕೂತುಬಿಟ್ಟಿತು.

ಹುಬ್ಬಳ್ಳಿಯ ದುರ್ಗದಬೈಲ್‌ನ ಒಂದು ಸೀರೆ ಅಂಗಡಿಯ ಮೇಲೆ ನನ್ನದೊಂದು ಸಣ್ಣ ಆಫೀಸು. ಮಂಗಲ ಕಾರ್ಯಾಲಯದವರಿಗೆ, ಖಾನಾವಳಿಯವರಿಗೆ, ಬಟ್ಟೆ ಅಂಗಡಿಯವರಿಗೆ ವೆಬ್‌ಸೈಟ್ ಮಾಡಿಕೊಡುವುದು ನನ್ನ ಕೆಲಸ. ಒಂದು ಮಧ್ಯಾಹ್ನ ಅಕ್ಕೋರು ಬೆವರು ಒರೆಸಿಕೊಳ್ಳುತ್ತ ಆ ಕಡಿದಾದ ಮೆಟ್ಟಿಲು ಹತ್ತಿ ಬಂದರು. ಬಂದವರೇ ಮೆಟ್ಟಿಲಿಗೆ ಹಿಡಿಕೆ ಇಲ್ಲವೆಂದು ನನ್ನನ್ನು ಬೈದರು. ನೀರು ಕುಡಿದರು. ಆಮೇಲೆ ಕಂಪ್ಯೂಟರಿನ ಕಡೆ ಬೆರಳು ಮಾಡಿದರು.

"ಇದರಾಗ ಎಲ್ಲಾ ಸಿಗತೈತಿ ಅಂತಾರಲ್ಲ. ಮುದುಕರು ಬೀಳದಂಗ ಹೆಂಗ ನೋಡ್ಕೋಬೇಕು ಅಂತ ಕೇಳವಾ."

ಕೇಳಿದೆ. ಬಂದದ್ದೆಲ್ಲ ಇಂಗ್ಲಿಷಿನಲ್ಲಿ. ಒಳ್ಳೆಯ ಮಾತುಗಳೇ ಇದ್ದವು. ಮಲಗಿದವರು ತಟ್ಟನೆ ಏಳಬಾರದು, ಕುರ್ಚಿಯಿಂದ ಎದ್ದು ಕೂರುವ ಅಭ್ಯಾಸ ಮಾಡಬೇಕು, ಹಿಮ್ಮಡಿ ಎತ್ತಿ ಇಳಿಸಬೇಕು, ಕಣ್ಣು ತೋರಿಸಿಕೊಳ್ಳಬೇಕು, ತಲೆ ತಿರುಗಿಸುವ ಗುಳಿಗೆ ಇದ್ದರೆ ಡಾಕ್ಟರಿಗೆ ಹೇಳಬೇಕು. ಅಕ್ಕೋರು ಒಂದೊಂದಕ್ಕೂ ತಲೆದೂಗಿದರು. ಆದರೆ ಚಿತ್ರದಲ್ಲಿದ್ದ ಮನೆಗಳು ನಮ್ಮವಲ್ಲ. ನೀರು ತುಂಬಿ ಮಲಗುವ ತೊಟ್ಟಿ, ಗೋಡೆಯಿಂದ ಗೋಡೆಗೆ ಕಂಬಳಿಯಂಥ ಹಾಸು, ಮೆಟ್ಟಿಲ ಮೇಲೆ ಹಿಮ, ಕಾಲಿಗೆ ತೊಡರುವ ನಾಯಿ. ಅಕ್ಕೋರು ಕನ್ನಡಕ ತೆಗೆದು ನನ್ನ ಮುಖ ನೋಡಿದರು. "ಇವರ ಮನ್ಯಾಗ ಬಚ್ಚಲಾನ ಇಲ್ಲಲ್ಲ ಸುಮಾ. ಎಲ್ಲೆ ಬೀಳ್ತಾರಿವರು?"

ಆವತ್ತಿನಿಂದ ಅವರು ಫೋನು ಹಿಡಿದರು. ಮೊದಮೊದಲು ಎಣ್ಣೆ ಮಾರುವವರ, ಸೊಂಟದ ಪಟ್ಟಿ ಮಾರುವವರ ಬಲೆಗೆ ಬೀಳುತ್ತಿದ್ದರು. ಒಂದು ವಾರ ಅಂಬಕ್ಕನ ಮೊಣಕಾಲಿಗೆ ಯಾವುದೋ ಕೆಟ್ಟ ವಾಸನೆಯ ಎಣ್ಣೆ ತಿಕ್ಕಿದ್ದೂ ಆಯಿತು. ಆಮೇಲೆ ಗಟ್ಟಿಯಾದರು. "ಮಾರಾವರ ಮಾತು ಬ್ಯಾಡ, ದವಾಖಾನಿ ಮಂದಿ ಬರದದ್ದು ತಗಿ" ಎನ್ನತೊಡಗಿದರು. ಯಾವ ಪುಟದ ಕೊನೆಗೆ ಯಾರ ಹೆಸರಿದೆ ಎಂದು ಮೊದಲು ಕೆಳಗೆ ಹೋಗಿ ನೋಡಿ, ನಂತರ ಮೇಲಿನಿಂದ ಓದುತ್ತಿದ್ದರು. ಓದಿದ್ದನ್ನು ಡಾಕ್ಟರ ಹತ್ತಿರ ಒಯ್ದು, ಇದನ್ನು ಅಕ್ಕನಿಗೆ ಮಾಡಿಸಬಹುದೋ ಇಲ್ಲವೋ ಎಂದು ಕೇಳದೆ ಮಾಡಿಸುತ್ತಿರಲಿಲ್ಲ. ಮನೆಯೊಳಗೂ ಅಡಿ ಜಾರದ ಬೂಟು ಹಾಕಿಕೊಳ್ಳಬೇಕು ಎಂದು ಒಂದು ಕಡೆ ಬರೆದಿತ್ತು. ಅಕ್ಕೋರು ತಮ್ಮ ಹಳೆಯ ಕ್ಯಾನ್ವಾಸ್ ಬೂಟನ್ನೇ ಒರೆಸಿ ತಂದು ಅಂಬಕ್ಕನ ಮುಂದೆ ಇಟ್ಟರು. ಅಂಬಕ್ಕ ಹೌಹಾರಿದರು. "ಬೂಟು ಹಾಕ್ಕೊಂಡು ಅಡಗಿಮನ್ಯಾಗ ಅಡ್ಡಾಡಾಕ ನಾ ಏನ ಫೌಜುದಾರೇನು? ತಗಿ ಆಚಿಗೆ!"

ಬಚ್ಚಲಿಗೆ ಸ್ಟೀಲಿನ ಹಿಡಿಕೆ ಬಂತು. ನೆಲಕ್ಕೆ ಕಾಲು ಕಚ್ಚುವ ಪಟ್ಟಿ ಬಂತು. ಹಿಡಿದು ನಡೆಯಲು ನಾಲ್ಕು ಕಾಲಿನ ವಾಕರ್ ಬಂತು. ಪಡಸಾಲೆಯ ಕೌದಿ, ಚಾಪೆ, ಕಾಲೊರಸು ಎಲ್ಲ ಅಟ್ಟ ಸೇರಿದವು. ದಿನಾ ಬೆಳಿಗ್ಗೆ ಅಡುಗೆಮನೆಯ ಕಟ್ಟೆ ಹಿಡಿದು ಅಂಬಕ್ಕ ನಿಲ್ಲಬೇಕು, ಅಕ್ಕೋರು ಹಿಂದೆ ನಿಂತು ಸೀಟಿ ಊದಬೇಕು. "ಹಿಮ್ಮಡಿ ಎತ್ತು! ಇಳಿಸು! ಎತ್ತು! ಅಕ್ಕಾ, ಮೂಗು ಯಾಕ ಎತ್ತೀದಿ, ಹಿಮ್ಮಡಿ ಎತ್ತು!" ಓಣಿಯ ಹೆಂಗಸರು ಕಿಟಕಿಗೆ ಬಂದು ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಆದರೆ ನಗುವಿನ ಕೆಳಗೆ ಏನಿತ್ತು ಎಂಬುದು ನನಗೆ ಗೊತ್ತಾದದ್ದು ಒಂದು ಸಂಜೆ. ಅಂಬಕ್ಕನನ್ನು ಮಾತಾಡಿಸುತ್ತ ಕುಳಿತಿದ್ದೆ. ಅಕ್ಕೋರು ಅಂಗಳದಲ್ಲಿದ್ದರು. ನನ್ನ ಕೈಯಿಂದ ಚಹಾದ ಬಟ್ಟಲು ಜಾರಿ ನೆಲಕ್ಕೆ ಬಿತ್ತು, ಅಷ್ಟೇ. ಅಕ್ಕೋರು ಬಾಗಿಲಿಗೆ ಓಡಿ ಬಂದರು. ಮುಖದಲ್ಲಿ ರಕ್ತವೇ ಇರಲಿಲ್ಲ. ಅಂಬಕ್ಕ ಮಂಚದ ಮೇಲೆ ಕುಳಿತೇ ಇರುವುದನ್ನು ಕಂಡು, ಬಾಗಿಲ ಚೌಕಟ್ಟಿಗೆ ಒರಗಿ ಹಾಗೇ ಕುಸಿದು ಕೂತರು. ಆಮೇಲೆ ನನ್ನನ್ನು ಕಳಿಸಲು ಕೆರೆಯ ದಂಡೆಯವರೆಗೆ ಬಂದಾಗ ಹೇಳಿದರು. "ಸುಮಾ, ನನಗ ಅವ್ವ ಅಂದ್ರೂ ಆಕಿನ, ಅಪ್ಪ ಅಂದ್ರೂ ಆಕಿನ. ಆಕಿ ಬೀಳಬಾರದು. ನಾ ಮತ್ತೇನೂ ಕೇಳೂದಿಲ್ಲ ದೇವರನ್ನ. ಆಕಿ ಬೀಳಬಾರದು, ಅಷ್ಟ." ಇಡೀ ಬಯಲನ್ನು ಒಂದು ಸೀಟಿಯಲ್ಲಿ ನಿಲ್ಲಿಸಿದ ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದರು.

ಇಷ್ಟೆಲ್ಲ ಕಾವಲಿನ ನಡುವೆಯೂ ಒಂದು ಕಿಂಡಿ ಉಳಿದಿತ್ತು. ಒಂದು ಸೋಮವಾರ ಅಕ್ಕೋರು ಹೂವು ತರಲು ಹೋಗಿ ಬರುವಾಗ ಅಂಬಕ್ಕನ ವಾಕರ್ ದೇವರ ಖೋಲಿಯ ಹೊರಗೆ, ಬಿಟ್ಟ ಚಪ್ಪಲಿಯ ಹಾಗೆ ಗೋಡೆಗೆ ನಿಂತಿತ್ತು. ಒಳಗೆ ಅಂಬಕ್ಕ ಯಾವುದನ್ನೂ ಹಿಡಿಯದೆ, ಸೀರೆಯ ಅಂಚನ್ನು ತಾವೇ ತುಳಿದುಕೊಂಡು, ದೀಪದ ಬತ್ತಿ ಸರಿಪಡಿಸಲು ಬಾಗಿದ್ದರು. ಕೂಗಿದರೆ ಬೆಚ್ಚಿ ಬಿದ್ದಾರು ಎಂದು ಅಕ್ಕೋರು ಉಸಿರು ಬಿಗಿಹಿಡಿದು ನಿಂತರಂತೆ. ಅಂಬಕ್ಕ ಗೋಡೆ ಸವರುತ್ತ ಹೊರಗೆ ಬಂದು ವಾಕರ್ ಹಿಡಿದ ಮೇಲೆ ಕೇಳಿದರು, "ಇದನ್ನ ಯಾಕ ಹೊರಗ ಬಿಟ್ಟಿ?"

"ಬಚ್ಚಲಕ್ಕ ಹೋಗಿ ಬರೂದನ್ನ ದೇವರ ಮುಂದ ಹೆಂಗ ಒಯ್ಯಲಿ ಶಕ್ಕೂ? ಅಡಗಿಮನಿಗೂ ಒಯ್ಯೂದಿಲ್ಲ ನಾ. ಅಲ್ಲೆ ದೇವರು ಹಿಡೀತಾನ."

ಯುಗಾದಿಯ ದಿನ ಆ ದೇವರು ಎಲ್ಲಿಗೆ ಹೋಗಿದ್ದ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತಂತೆ. ಅಕ್ಕೋರು ನುಂಗಿಕೊಂಡರು. ಯಾವ ದೇಶದ ಯಾವ ವೆಬ್‌ಸೈಟೂ ಇದನ್ನು ಹೇಳಿರಲಿಲ್ಲ. ಎಲ್ಲ ಕಡೆ ವಾಕರ್ ಕೊಡಿ ಎಂದಿತ್ತೇ ಹೊರತು, ಕೊಟ್ಟ ವಾಕರ್ ಮೈಲಿಗೆಯಾಗುತ್ತದೆ ಎಂದು ಎಲ್ಲೂ ಇರಲಿಲ್ಲ. ವಾದ ಮಾಡಿ ಗೆಲ್ಲುವ ಅಕ್ಕ ಅಲ್ಲ ಎಂದು ಅವರಿಗೆ ಗೊತ್ತಿತ್ತು. ಮರುದಿನ ಹುಬ್ಬಳ್ಳಿಗೆ ಬಂದು ಇನ್ನೊಂದು ವಾಕರ್ ಕೊಂಡರು. ಅದಕ್ಕೆ ನೀರು ಹಾಕಿ ತೊಳೆದು, ಮೂರು ಬೆರಳಿನ ವಿಭೂತಿ ಎಳೆದು, ಸೇವಂತಿಗೆ ಹೂವು ಸಿಗಿಸಿ ದೇವರ ಖೋಲಿಯ ಬಾಗಿಲೊಳಗೆ ನಿಲ್ಲಿಸಿದರು. ಹೊರಗಿನ ವಾಕರ್ ಬಾಗಿಲವರೆಗೆ, ಒಳಗಿನ ವಾಕರ್ ಬಾಗಿಲಿನಿಂದ; ಅಡುಗೆಮನೆಗೂ ಅದೇ. ಅಂಬಕ್ಕ ಅದನ್ನು ಮೇಲಿಂದ ಕೆಳಗೆ ನೋಡಿ, "ಮಡಿವಂತ ಅದಾನ ಬಿಡ, ನಡೀತೈತಿ" ಎಂದರು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರಂತೆ.

ಅಲ್ಲಿಂದಲೇ ಅಕ್ಕೋರಿಗೆ ಊರ ಚಿಂತೆ ಹತ್ತಿತು. ನಮ್ಮಲ್ಲಿ ಎಷ್ಟು ಮನೆಯಲ್ಲಿ ಕೋಲು, ವಾಕರ್ ಹೀಗೆ ದೇವರ ಖೋಲಿಯ ಹೊರಗೆ ನಿಂತಿವೆಯೋ ಎಂದು ಓಣಿ ಓಣಿ ತಿರುಗಿದರು. ಹೆಬ್ಬೆರಳು ಮನೆಮನೆಯ ನೆಲ ತೀಡತೊಡಗಿತು. ಮಂದಿಗೆ ಇದು ಸೇರಲಿಲ್ಲ. ಹಿರಿಯರಿದ್ದ ಮನೆಯಲ್ಲಿ ಬೀಳುವ ಮಾತು ಆಡುವುದು ಅಪಶಕುನ. ಮದುವೆ ಇದ್ದವರು ಅವರನ್ನು ಕಂಡು ಬಾಗಿಲು ಮುಂದೆ ಮಾಡಿಕೊಂಡರು. ನಮ್ಮ ಓಣಿಯಲ್ಲಿ ಕಾಳಿನ ವ್ಯಾಪಾರದ ಕಾಕಾ ಒಬ್ಬರು ಹೊಸ ಮನೆ ಕಟ್ಟಿಸಿದ್ದರು. ಮುಖ ಕಾಣುವಂಥ ಟೈಲ್ಸು. ಗೃಹಪ್ರವೇಶದ ಊಟಕ್ಕೆ ಹೋದ ಅಕ್ಕೋರು ಎಲೆಯ ಮುಂದೆ ಕೂರುವ ಮೊದಲೇ, "ಕಾಕಾ, ಇದರ ಮ್ಯಾಲ ನಾಕ ಹನಿ ನೀರ ಬಿದ್ರೂ ನೀವು ಬೀಳ್ತೀರಿ. ಬಚ್ಚಲ ಮುಂದರ ಪಟ್ಟಿ ಹಚ್ಚಸ್ರಿ" ಎಂದುಬಿಟ್ಟರು. ಕಾಕಾನ ಸೊಸೆ ಬಡಿಸುವ ಕೈ ನಿಲ್ಲಿಸಿ ಹೇಳಿದಳು. "ಒಳ್ಳೇ ದಿನ ಒಳ್ಳೇ ಮಾತಾಡ್ರಿ ಅಕ್ಕೋರ. ಇಲ್ಲಂದ್ರ ಬಾಗಲಾ ಆ ಕಡೆ ಐತಿ." ಅಕ್ಕೋರು ಊಟ ಮಾಡದೆ ಎದ್ದು ಬಂದರು.

ಮಳೆಗಾಲದಲ್ಲಿ ಕಾಕಾ ಬಿದ್ದರು, ಬಚ್ಚಲ ಮುಂದೆಯೇ. ಹಾಸಿಗೆ ಹಿಡಿದವರು ಏಳಲಿಲ್ಲ. ಮಾತಾಡಿಸಲು ಹೋದಾಗ ನಾನೂ ಅಕ್ಕೋರ ಜೊತೆಗಿದ್ದೆ. ಆವತ್ತು ಮಾತ್ರ ಆ ಹೆಬ್ಬೆರಳನ್ನು ಅವರು ಸೀರೆಯ ನೆರಿಗೆಯೊಳಗೆ ಮುಚ್ಚಿಟ್ಟುಕೊಂಡು ಕೂತಿದ್ದರು. ಸೊಸೆ ಅವರ ಮುಖ ನೋಡಲಿಲ್ಲ. ಹೊರಗೆ ಬಂದ ಮೇಲೆ ಅಕ್ಕೋರು ಹೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ.

"ಬಿದ್ದ ಮ್ಯಾಲ ಎಲ್ಲಾರೂ ಬರತಾರ ಸುಮಾ. ಬೀಳೂಕಿಂತ ಮೊದಲ ಹೋದ್ರ ಬಾಗಲಾ ತೋರಸ್ತಾರ. ನೀ ಒಂದ ಕೆಲಸಾ ಮಾಡ. ನಮ್ಮ ಮಾತಿನಾಗ, ನಮ್ಮ ಮನಿಗೋಳ ಚಿತ್ರಾ ಹಾಕಿ ಒಂದು ವೆಬ್‌ಸೈಟ್ ಮಾಡ. ಫೋನಿನಾಗ ಹೋದ್ರ ಯಾರು ಎಬ್ಬಿಸಿ ಕಳಸ್ತಾರ?"

ಮಾಡಿದೆವು. ಅದರಲ್ಲಿ ತೊಟ್ಟಿ ಇಲ್ಲ, ಹಿಮ ಇಲ್ಲ. ನಮ್ಮ ಬಚ್ಚಲಿದೆ, ಹಂಡೆ ಇದೆ, ಎತ್ತರದ ಹೊಸ್ತಿಲಿದೆ. ಹೊಸ್ತಿಲು ತೊಳೆದು ಪೂಜೆ ಮಾಡಿದ ಮೇಲೆ ಒಣಬಟ್ಟೆಯಿಂದ ಒರೆಸಿ, ರಂಗೋಲಿ ಬದಿಗೆ ಹಾಕಿ ಎಂಬ ಮಾತಿದೆ. ಎರಡು ವಾಕರಿನ ಚಿತ್ರವಿದೆ, ವಿಭೂತಿ ಸಮೇತ. ಕಟ್ಟೆ ಹಿಡಿದು ಹಿಮ್ಮಡಿ ಎತ್ತಿದ ಅಂಬಕ್ಕ ಇದ್ದಾರೆ, ಇಳಕಲ್ ಸೀರೆ ಉಟ್ಟು, ಮದುವೆಯ ಫೋಟೋಕ್ಕೆ ನಿಂತಷ್ಟು ಗಂಭೀರವಾಗಿ. ಅಕ್ಕೋರು ತಾವೇ ಕಂಡುಕೊಂಡ ಮಾತುಗಳೂ ಇದ್ದವು. ಅದರಲ್ಲಿ ಅವರಿಗೆ ಬಹಳ ಮೆಚ್ಚಿನದು ಇದು: "ಹಾಲು ಉಕ್ಕಿದ್ರ ಉಕ್ಕಲಿ, ಓಡಬ್ಯಾಡ್ರಿ. ಕುಂತಲ್ಲಿಂದ ಯಾರನ್ನರ ಕರೀರಿ." ಮುದುಕಿಯರಲ್ಲಿ ಅರ್ಧ ಜನ ಬೀಳುವುದೇ ಉಕ್ಕುವ ಹಾಲಿಗೆ ಓಡಿ ಎಂದು ಅವರ ನಂಬಿಕೆ.

ಕಣ್ಣು ಮಂಜಾದವರು ಓದುವುದು ಹೇಗೆ ಎಂಬ ಪ್ರಶ್ನೆ ಬಂತು. ಅದಕ್ಕೆ ಪುಟದ ಮೇಲೆ ಒಂದು ದೊಡ್ಡ ಹಸಿರು ಗುಂಡಿ ಇಟ್ಟೆ, ಒತ್ತಿದರೆ ಅಕ್ಕೋರ ಧ್ವನಿ. ಅವರ ಮನೆಯಲ್ಲೇ ಧ್ವನಿ ಹಿಡಿದೆ. ಅಂಬಕ್ಕನನ್ನು ಮಂಚದ ಅಂಚಿಗೆ ಕೂರಿಸಿ, ಅವರನ್ನೇ ನೋಡುತ್ತ ಅಕ್ಕೋರು ಹೇಳಿದರು.

"ಎಚ್ಚರಾದ ಕೂಡಲೆ ಏಳಬ್ಯಾಡ್ರಿ. ಮಗ್ಗಲಾಗಿ ಕುಂದರ್ರಿ. ಕಾಲ ಇಳೀಬಿಡ್ರಿ. ಎರಡೂ ಪಾದ ನೆಲಕ್ಕ ಊರ್ರಿ. ಸಾವಕಾಶ ಉಸರಾಡ್ರಿ. ತಲಿ ತಿರಗಾಕತ್ತಿಲ್ಲಲ್ಲ? ವಾಕರ್ ಹಿಡೀರಿ. ಈಗ ಏಳ್ರಿ." ಅಂಬಕ್ಕ ಏಳಲು ಹೋಗಿ, ಮೊಣಕಾಲು ನಡುಗಿ, ಮತ್ತೆ ಕೂತರು. ಅಕ್ಕೋರಿಗೆ ಧ್ವನಿ ಹಿಡಿಯುತ್ತಿದ್ದೇನೆ ಎಂಬುದು ಮರೆತುಹೋಯಿತು. "ಆಗಲಿಲ್ಲೇನು? ಅಂಜಬ್ಯಾಡ. ನಾ ಇಲ್ಲೇ ಅದೇನಿ. ಮತ್ತ ಮೊದಲಿಂದ ಹೇಳತೇನಿ."

ಕೊನೆಯದನ್ನು ತೆಗೆದು ಇನ್ನೊಮ್ಮೆ ಹಿಡಿಯೋಣ, ಎಲ್ಲರಿಗೂ ಹೇಳುವ ಹಾಗೆ ಮರ್ಯಾದೆಯಿಂದ ಹೇಳಿ ಎಂದೆ. ಅಕ್ಕೋರು ಒಪ್ಪಲಿಲ್ಲ. "ಇರ್ಲಿ ಬಿಡ. ಅಂಜಿದವರಿಗೆ ಮರ್ಯಾದಿ ಯಾಕ? ಧೈರ್ಯ ಬೇಕು."

ಬಹಳ ಜನ ನೋಡಿದರು ಎಂದು ಸುಳ್ಳು ಹೇಳಲಾರೆ. ಕೆರೆಯ ದಂಡೆಯ ಬೆಂಚಿನ ಮೇಲೆ ಕೂರುವ ಹಿರಿಯರಿಗೆ ಅಕ್ಕೋರೇ ಫೋನು ಕಿವಿಗೆ ಹಿಡಿದು ಕೇಳಿಸುತ್ತಿದ್ದರು. ಕೆಲವರು ಕೇಳಿದರು, ಕೆಲವರು ಎದ್ದು ಹೋದರು. ಒಂದು ದಿನ ಕಾಕಾನ ಸೊಸೆ ನನ್ನನ್ನು ದಾರಿಯಲ್ಲಿ ನಿಲ್ಲಿಸಿ, ಅತ್ತೆಯ ಸಲುವಾಗಿ ಬಚ್ಚಲಿಗೆ ಹಿಡಿಕೆ ಹಚ್ಚಿಸಿದೆ, ಅಕ್ಕೋರಿಗೆ ಹೇಳಿ ಎಂದಳು. ಹೇಳಿದೆ. ಅಕ್ಕೋರು, "ತಡಾ ಆತು" ಎಂದಷ್ಟೇ ಅಂದರು.

ಕಳೆದ ಶ್ರಾವಣದಲ್ಲಿ ಜಿಟಿಜಿಟಿ ಮಳೆ. ಅಕ್ಕೋರು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದರು. ಅಂಬಕ್ಕ ಅಡುಗೆಮನೆಯ ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತಿದ್ದರು. ಒಲೆಯ ಮೇಲೆ ಹಾಲು ಏರಿ ಬಂತು. ಮೊದಲಿನ ಅಂಬಕ್ಕ ಆಗಿದ್ದರೆ ಓಡುತ್ತಿದ್ದರು. ತಂಗಿ ಹೇಳಿಕೊಟ್ಟದ್ದು ನೆನಪಾಗಿ ಓಡಲಿಲ್ಲ. ಕುಂತಲ್ಲಿಂದಲೇ ಕರೆದರು. "ಶಕ್ಕೂ! ಲಗೂ ಬಾ, ಹಾಲು!"

ಹಿತ್ತಲಿಗೆ ಕೇಳಿಸಿದ್ದು ಅಕ್ಕನ ಕೂಗು ಮಾತ್ರ. ಹಾಲು ಎಂಬುದು ಕೇಳಿಸಿತೋ ಇಲ್ಲವೋ, ಈಗ ಯಾರನ್ನು ಕೇಳೋಣ? ಅಕ್ಕೋರು ಒದ್ದೆ ಕಾಲಿನಲ್ಲಿ ಓಡಿದರು. ಒಗೆಯುವ ಕಲ್ಲಿನ ಬದಿಯ ಮೆಟ್ಟಿಲಿಗೆ ಪಾಚಿ ಹಿಡಿದಿತ್ತು. ಆ ಮೆಟ್ಟಿಲು ಅಂಬಕ್ಕ ಎಂದೂ ತುಳಿಯುವಂಥದ್ದಲ್ಲ. ಆದ್ದರಿಂದ ಊರ ನೆಲವನ್ನೆಲ್ಲ ತೀಡಿ ನೋಡಿದ ಆ ಹೆಬ್ಬೆರಳು ಅದನ್ನು ಒಮ್ಮೆಯೂ ನೋಡಿರಲಿಲ್ಲ. ತಲೆಯ ಹಿಂಭಾಗ ಕಲ್ಲಿಗೆ ಬಡಿಯಿತು.

ಆಸ್ಪತ್ರೆಯಲ್ಲಿ ನಾನು ನೋಡುವಾಗ ಮೂಗಿಗೆ, ಬಾಯಿಗೆ ನಳಿಕೆ ಹಾಕಿದ್ದರು. ಮುಖ ಊದಿ, ಅವರದಲ್ಲ ಎನ್ನುವಂತಿತ್ತು. ಚಾದರದ ಕೆಳಗಿನಿಂದ ಬಲಗಾಲು ಹೊರಗೆ ಬಂದಿತ್ತು. ಅದು ಮಾತ್ರ ಅವರದೇ. ನಾನು ಹೆಬ್ಬೆರಳನ್ನು ಹಿಡಿದು, "ಅಕ್ಕೋರ, ಅಂಬಕ್ಕ ಬಿದ್ದಿಲ್ಲರಿ. ಅರಾಮ ಅದಾರ್ರಿ" ಎಂದೆ. ಮತ್ತೆ ಮತ್ತೆ ಹೇಳಿದೆ. ಬೆರಳು ತಣ್ಣಗಿತ್ತು, ಅಲುಗಲಿಲ್ಲ. ಕೆಲವು ದಿನಗಳಾದ ಮೇಲೆ ಹೋಗಿಬಿಟ್ಟರು.

ಅಂಬಕ್ಕ ಅಳಲಿಲ್ಲ. ಮಣ್ಣು ಮಾಡಿ ಬಂದವರೆಲ್ಲ ಹೋದ ಮೇಲೆ ಮಲಗಿದವರು ಏಳಲೇ ಇಲ್ಲ. ನೋಡಿಕೊಳ್ಳಲು ಬಂದ ಸೋದರತ್ತೆಯ ಮಗಳು ನೀಲವ್ವ ಎಬ್ಬಿಸಿದರೆ ಮೈ ಬಿಗಿ ಮಾಡುತ್ತಿದ್ದರು. "ಕರದಾಕಿ ನಾನವಾ" ಎಂದು ಒಂದೇ ಮಾತು. ನೀವು ಅಕ್ಕೋರು ಹೇಳಿದಂತೆಯೇ ಮಾಡಿದಿರಿ, ಓಡಲಿಲ್ಲ ಎಂದೆ. "ಹೌದು, ಆಕಿ ಹೇಳಿದಂಗ ಮಾಡಿದೆ. ನಾ ಓಡಿದ್ದರ ನಾ ಹೋಗ್ತಿದ್ದೆ. ಬರೋಬ್ಬರಿ ಆಗತಿತ್ತು." ಡಾಕ್ಟರು ಬಂದು ನೋಡಿ, ಹೀಗೇ ಮಲಗಿದರೆ ಎದೆಗೆ ಕಫ ಕಟ್ಟುತ್ತದೆ, ಕಾಲಿನ ಕಸುವು ಹೋಗುತ್ತದೆ, ಹೇಗಾದರೂ ಎಬ್ಬಿಸಿ ಎಂದರು. ಅಕ್ಕೋರು ಕೇಳಿದ ಪ್ರಶ್ನೆಯನ್ನೇ ನಾನೂ ಕೇಳಬೇಕೆನ್ನಿಸಿತು: ಹೆಂಗ?

ಬೇರೆ ದಾರಿ ಕಾಣದೆ ಒಂದು ಬೆಳಿಗ್ಗೆ ಫೋನು ತೆಗೆದು ಆ ಹಸಿರು ಗುಂಡಿ ಒತ್ತಿದೆ. "ಎಚ್ಚರಾದ ಕೂಡಲೆ ಏಳಬ್ಯಾಡ್ರಿ" ಎಂದು ಧ್ವನಿ ಬಂದ ಕೂಡಲೇ ಅಂಬಕ್ಕ ಹಿತ್ತಲ ಬಾಗಿಲ ಕಡೆ ತಿರುಗಿ ನೋಡಿದರು. ಅಯ್ಯೋ, ಏನು ಮಾಡಿಬಿಟ್ಟೆ ಎಂದು ಧ್ವನಿ ನಿಲ್ಲಿಸಲು ಹೋದೆ. ಆದರೆ ಅವರು ಮಗ್ಗುಲಾದರು. ಕೂತರು. ಕಾಲು ಇಳಿಬಿಟ್ಟರು. ಪಾದ ಊರಿದರು. "ಈಗ ಏಳ್ರಿ" ಎಂದಾಗ, ನೀಲವ್ವ ಒಂದು ಕಡೆ, ನಾನೊಂದು ಕಡೆ ಇರಲು, ಎದ್ದು ನಿಂತರು. ನಾವಿಬ್ಬರೂ ಅತ್ತೆವು. ಅಂಬಕ್ಕನೂ ಅವತ್ತೇ ಮೊದಲ ಸಲ ಅತ್ತರು.

ಅದರ ಮೇಲೆ ಕೆಲವು ವಾರ ಹಾಗೇ ನಡೆಯಿತು. ನಾನು ಹುಬ್ಬಳ್ಳಿಯ ಬಸ್ಸು ಹಿಡಿಯುವ ಮೊದಲು ಅವರ ಮನೆಗೆ ಹೋಗಿ ಗುಂಡಿ ಒತ್ತುವುದು, ಅವರು ಏಳುವುದು, ಎದ್ದ ಕೂಡಲೇ ನಾನು ಧ್ವನಿ ನಿಲ್ಲಿಸುವುದು. ಮುಖ ತೊಳೆದು, ವಿಭೂತಿ ಹಚ್ಚಿಕೊಂಡು, ಒಳಗಿನ ವಾಕರ್ ಹಿಡಿದು ದೀಪ ಹಚ್ಚುವುದು. ನಾವು ಗೆದ್ದೆವು ಎಂದುಕೊಂಡಿದ್ದೆ.

ಈಗ ಒಂದಷ್ಟು ದಿನಗಳಿಂದ ಬೇರೆಯೇ ಆಗಿದೆ. "ಈಗ ಏಳ್ರಿ" ಎಂಬಲ್ಲಿ ಅಂಬಕ್ಕ ಏಳುವುದಿಲ್ಲ. ವಾಕರ್ ಹಿಡಿದು ಸ್ವಲ್ಪ ಮೇಲೆದ್ದ ಹಾಗೆ ಮಾಡಿ, ಮತ್ತೆ ಕೂರುತ್ತಾರೆ. "ಆಗಲಿಲ್ಲೇನು? ಅಂಜಬ್ಯಾಡ. ನಾ ಇಲ್ಲೇ ಅದೇನಿ" ಎಂದು ತಂಗಿ ಹೇಳುತ್ತಾಳೆ. ಅದು ಮುಗಿದ ಮೇಲೆ ಅಂಬಕ್ಕ, "ಆಗವಲ್ದವಾ. ಮೊದಲಿಂದ ಹಚ್ಚ" ಎನ್ನುತ್ತಾರೆ. ಹಚ್ಚುತ್ತೇನೆ. ಮತ್ತೆ ಅದೇ. ಬಿಸಿಲು ಅಂಗಳ ದಾಟಿ ಮಂಚದ ಕಾಲಿಗೆ ಬಂದರೂ ಅವರು ಅಲ್ಲೇ ಇರುತ್ತಾರೆ. ಡಾಕ್ಟರು ಕಾಲು ತಟ್ಟಿ ನೋಡಿ, ಕಸುವು ಇನ್ನೂ ಇದೆ, ಎದ್ದು ನಿಲ್ಲಬಲ್ಲರು, ಆದರೆ ಹೀಗೆ ಕೂತರೆ ಬಹಳ ದಿನ ಉಳಿಯುವುದಿಲ್ಲ ಎಂದು ಹೋಗಿದ್ದಾರೆ. ಅಕ್ಕನನ್ನು ಎಬ್ಬಿಸಲೆಂದು ಅಕ್ಕೋರು ಬಿಟ್ಟುಹೋದ ಧ್ವನಿಯೇ ಅಕ್ಕನನ್ನು ಕೂರಿಸುತ್ತಿದೆ. ಆ ಕೊನೆಯ ಮಾತು ಕತ್ತರಿಸಿ ಹಾಕುವುದು ನನಗೆ ಕ್ಷಣದ ಕೆಲಸ. ಆಫೀಸಿನಲ್ಲಿ ಎರಡು ಸಲ ಅದನ್ನು ತೆರೆದು, ಕೇಳಿ, ಹಾಗೇ ಮುಚ್ಚಿದ್ದೇನೆ.

ಇವತ್ತು ಬೆಳಿಗ್ಗೆ ನನಗೆ ಸಿಟ್ಟೇ ಬಂತು. ಬಸ್ಸು ತಪ್ಪಿತ್ತು, ನೀಲವ್ವ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು. ಅಂಬಕ್ಕನ ಮುಂದೆ ನೆಲದ ಮೇಲೆ ಕೂತು ಅವರ ಎರಡೂ ಮೊಣಕಾಲು ಹಿಡಿದುಕೊಂಡೆ. "ನಿಮಗ ಏಳಾಕ ಬರತೈತಿ ಅಂಬಕ್ಕ. ನಿಮಗೂ ಗೊತ್ತೈತಿ, ನನಗೂ ಗೊತ್ತೈತಿ. ನೀವು ಏಳಬೇಕಂತ ಅಕ್ಕೋರು ಎಷ್ಟ ಒದ್ದಾಡಿದ್ರು! ಏಳ್ರಿ. ನಿಮ್ಮ ಕಾಲ ಬೀಳ್ತೇನಿ, ಏಳ್ರಿ."

ಅಂಬಕ್ಕ ನನ್ನ ತಲೆಯ ಮೇಲೆ ಕೈ ಇಟ್ಟರು. ಪಾದ ಎರಡೂ ನೆಲಕ್ಕೆ ಸರಿಯಾಗಿ ಊರಿದ್ದವು, ತಂಗಿ ಕಲಿಸಿದ ಹಾಗೆಯೇ.

"ಎದ್ದರ ಆಕಿ ಸುಮ್ಮನಾಗತಾಳವಾ" ಎಂದರು.

ನಾನು ಮತ್ತೆ ಮೊದಲಿನಿಂದ ಹಚ್ಚಿದೆ.